ನಾವು ಕೇಳದೆ ಉಳಿದ ಪ್ರಶ್ನೆ



ಇಸವಿ ೨೦೨೫ರ ಮೇ ತಿಂಗಳ ೨೦ರಂದು ಲಂಡನ್ ನಗರದಲ್ಲಿ ನಡೆದ ಸಮಾರಂಭದಲ್ಲಿ ಹಾಸನದ ಲೇಖಕಿ ಶ್ರೀಮತಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆತ ಸುದ್ದಿಯನ್ನು ತಾವೆಲ್ಲರೂ ಓದಿ ಹರ್ಷಪಟ್ಟಿರುವಿರಿ. ಕನ್ನಡದ ಕೃತಿಯೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಸಣ್ಣ ಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದೂ ಅದೇ ಮೊದಲು. ಆ ಸುದ್ದಿ ಬಂದ ಕೆಲವು ದಿನಗಳಲ್ಲಿಯೇ ಯಲಹಂಕ ಉಪನಗರದ ಸದ್ಭಕ್ತರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ವಚನ ಚಿಂತನ ಕೂಟದ ತಾಯಂದಿರು ನಮಗೆ ದೂರವಾಣಿ ಮಾಡಿ, "ಗುರುಗಳೇ, ಮುಂದಿನ ಭಾನುವಾರ ಬಾನು ಮುಷ್ತಾಕ್ ಅವರ ಬದುಕು ಬರಹಗಳನ್ನು ಕುರಿತು ತಾವೇ ಮಾತನಾಡಬೇಕು" ಎಂದು ಕೇಳಿಕೊಂಡರು.

ನಾವು ಒಡನೆಯೇ ಒಪ್ಪಲಿಲ್ಲ. ಆ ಕೂಟದಲ್ಲಿ ನಾವು ಹನ್ನೆರಡನೆಯ ಶತಮಾನದ ಶರಣರನ್ನು ಕುರಿತು ಮಾತನಾಡುತ್ತ ಬಂದವರು. ಸಮಕಾಲೀನ ಕಥೆಗಾರ್ತಿಯೊಬ್ಬರನ್ನು ಕುರಿತು ಹೇಳಲು ನಮ್ಮಲ್ಲಿ ಸಾಮಗ್ರಿಯಿರಲಿಲ್ಲ. ಕೂಟದ ಹಿರಿಯರೊಬ್ಬರೂ, "ವಚನ ಚಿಂತನಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಆಕ್ಷೇಪಿಸಿದರೆಂದು ತಿಳಿಯಿತು. ಆ ಆಕ್ಷೇಪವನ್ನು ಕೇಳಿ ನಮಗೆ ಒಳಗೊಳಗೇ ಸಮಾಧಾನವಾದದ್ದುಂಟು. ಈಗ ಆ ಸಮಾಧಾನವನ್ನು ನೆನೆದರೆ ನಾಚಿಕೆಯಾಗುತ್ತದೆ. ಅದಕ್ಕೆ ಕಾರಣವನ್ನು ನಿವೇದಿಸಿಕೊಳ್ಳುವುದಕ್ಕಾಗಿಯೇ ಈ ಲೇಖನ.

ನಾವು ಬಾಲ್ಯದಲ್ಲಿಯೇ ಮಠವೊಂದರ ಪ್ರಸಾದ ನಿಲಯವನ್ನು ಸೇರಿ, ಅಲ್ಲಿಯ ಪಾಠಶಾಲೆಯಲ್ಲಿ ಸಂಸ್ಕೃತ ವ್ಯಾಕರಣ, ಕಾವ್ಯ ಮತ್ತು ವಚನ ವಾಙ್ಮಯಗಳನ್ನು ಅಭ್ಯಾಸ ಮಾಡಿದವರು. ೧೯೮೦ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭವಾದಾಗ ನಾವಿನ್ನೂ ವಿದ್ಯಾರ್ಥಿಗಳು. ಹಾಸಿಗೆಯ ಸುರುಳಿಯೊಳಗೆ ಅದನ್ನು ಅಡಗಿಸಿಟ್ಟುಕೊಂಡು ಓದುವ ಹುಡುಗರು ನಮ್ಮ ನಿಲಯದಲ್ಲಿದ್ದರು. ನಾವಾದರೋ ಅದನ್ನು ಮುಟ್ಟದೆ ಇರುವುದೇ ಶೀಲವೆಂದು ಭಾವಿಸಿದ್ದೆವು. ೧೯೭೯ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆಯ ವಿಷಯದಲ್ಲಿಯೂ ನಮ್ಮ ನಿಲುವು ಅದೇ. ಬೈಗುಳದಲ್ಲಿ ಸಾಹಿತ್ಯವೆಲ್ಲಿ ಬಂತು ಎಂದು ಭಾಷಣಗಳಲ್ಲಿ ಹೇಳಿದ್ದೇವೆ, ಚಪ್ಪಾಳೆಯನ್ನೂ ಪಡೆದಿದ್ದೇವೆ. ಬಾನು ಮುಷ್ತಾಕ್ ಅವರು ೧೯೮೧ರಿಂದ ೧೯೯೦ರವರೆಗೆ ಅದೇ ಪತ್ರಿಕೆಗೆ ವರದಿಗಾರರಾಗಿದ್ದವರು ಮತ್ತು ಅದೇ ಬಂಡಾಯದ ಒಡಲಿನಿಂದ ಬಂದ ಬರಹಗಾರ್ತಿ. ಆದಕಾರಣ ನಲವತ್ತು ವರ್ಷಗಳ ಕಾಲ ಅವರ ಹೆಸರು ನಮ್ಮ ಕಿವಿಗೆ ಬಿದ್ದಿದ್ದರೂ ಅವರ ಒಂದು ಪುಟವನ್ನೂ ನಾವು ಓದಿರಲಿಲ್ಲ.

ನಮ್ಮ ಸೊಸೆ ಮಾನ್ಯತಾ ಟೆಕ್ ಪಾರ್ಕಿನ ಕಛೇರಿಯೊಂದರಲ್ಲಿ ಉದ್ಯೋಗಿ. ನಮ್ಮ ತೊಳಲಾಟವನ್ನು ಕಂಡು ಆಕೆ ತನ್ನ ಮೇಜಿನ ಮೇಲಿದ್ದ ಕನ್ನಡ ಕಥಾಸಂಕಲನವನ್ನು ತಂದುಕೊಟ್ಟು, "ಮಾವ, ಮೊದಲು ಓದಿರಿ. ಆಮೇಲೆ ಒಪ್ಪುವುದೋ ಬಿಡುವುದೋ ತೀರ್ಮಾನಿಸಿರಿ" ಎಂದಳು. ಅಷ್ಟು ನ್ಯಾಯವಾದ ಮಾತಿಗೆ ಎದುರಾಡುವುದು ಹೇಗೆ? ಒಪ್ಪಿದೆವು. ಮೊದಲು ಅವರ ಜೀವನ ವೃತ್ತಾಂತವನ್ನು ತಿಳಿದುಕೊಂಡು, ಬಳಿಕ ಕತೆಗಳನ್ನು ಹಿಡಿದೆವು.

ಶ್ರೀಮತಿ ಬಾನು ಮುಷ್ತಾಕ್ ಅವರು ೧೯೪೮ರ ಏಪ್ರಿಲ್ ೩ರಂದು ಹಾಸನದಲ್ಲಿ ಜನಿಸಿದರು. ಮನೆಮಾತು ದಖನಿ ಉರ್ದು. ಅಂದಿನ ಕಾಲದಲ್ಲಿ ಅಂತಹ ಮನೆತನಗಳ ಹೆಣ್ಣುಮಕ್ಕಳು ಉರ್ದು ಶಾಲೆಗೆ ಹೋಗುವುದು ರೂಢಿಯಾಗಿತ್ತು. ಆದರೆ ಮಗಳಿಗೆ ಇನ್ನೂ ವಿಶಾಲವಾದ ವಿದ್ಯೆ ದೊರೆಯಬೇಕೆಂದು ಬಯಸಿದ ತಂದೆಯವರು, ಎಂಟು ವರ್ಷದ ಆ ಬಾಲಿಕೆಯನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಕ್ರೈಸ್ತ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳೊಳಗೆ ಕನ್ನಡವನ್ನು ಓದಿ ಬರೆಯಲು ಕಲಿಯದಿದ್ದರೆ ಶಾಲೆಯನ್ನು ಬಿಡಬೇಕು ಎಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಬಾಲಿಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಷರತ್ತಿನ ಮೇಲೆ ಕಲಿತ ಅದೇ ಭಾಷೆಗೆ ಏಳು ದಶಕಗಳ ಅನಂತರ ಆಕೆ ಲೋಕದ ದೊಡ್ಡ ಗೌರವವೊಂದನ್ನು ತಂದುಕೊಟ್ಟರು. ಮಕ್ಕಳಿಗೆ ಕನ್ನಡ ಕಲಿಸುವುದರಿಂದ ಏನು ಪ್ರಯೋಜನವೆಂದು ಕೇಳುವ ನಮ್ಮ ಇಂದಿನ ತಾಯಿತಂದೆಗಳು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಾಲೇಜು ಶಿಕ್ಷಣವನ್ನು ಪಡೆದ ಅವರು ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ ತಾವೇ ಮೆಚ್ಚಿದ ವರನನ್ನು ಮದುವೆಯಾದರು. ಪ್ರೀತಿಸಿ ಆದ ಮದುವೆಯಾದರೂ ಆರಂಭದ ವರ್ಷಗಳು ಕಷ್ಟದವಾಗಿದ್ದವು. ಬುರ್ಖಾ ತೊಡಬೇಕು, ಮನೆಗೆಲಸದಲ್ಲಿಯೇ ಇರಬೇಕು ಎಂಬ ನಿರ್ಬಂಧಗಳು ಬಂದವು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತಾಯಿಯಾದ ಬಳಿಕ ಬಾಣಂತಿಯರನ್ನು ಕಾಡುವ ಖಿನ್ನತೆ ಅವರನ್ನು ಆವರಿಸಿತು. ಒಂದು ದಿನ ಹತಾಶೆಯಲ್ಲಿ ಬೆಂಕಿಗೆ ಆಹುತಿಯಾಗಲು ಸಿದ್ಧರಾಗಿದ್ದ ಅವರನ್ನು, ಪತಿಯೇ ಹಸುಗೂಸನ್ನು ಅವರ ಪಾದದ ಬಳಿ ಮಲಗಿಸಿ, ತಮ್ಮನ್ನು ಬಿಟ್ಟುಹೋಗಬೇಡವೆಂದು ಬೇಡಿ ಉಳಿಸಿಕೊಂಡರು. ಇದನ್ನು ಅವರು ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಸತ್ತೇ ಹೋಗುತ್ತಿದ್ದ ಆ ತಾಯಿ ಬದುಕಿ, ಅದೇ ಬೇಗೆಯನ್ನು ಅಕ್ಷರಕ್ಕಿಳಿಸಿದರು.

ಮುಂದಿನದು ಕರ್ಮಭೂಮಿಯ ಕಥೆ. ಪತ್ರಿಕಾ ವರದಿಗಾರರಾಗಿ ಅವರು ಹಾಸನ ಸೀಮೆಯ ದಲಿತರ, ರೈತರ, ಹೆಂಗಸರ ಕಷ್ಟಗಳನ್ನು ಕಣ್ಣಾರೆ ಕಂಡರು. ಕೆಲವು ತಿಂಗಳ ಕಾಲ ಬೆಂಗಳೂರಿನ ಆಕಾಶವಾಣಿಯಲ್ಲಿಯೂ ಕೆಲಸ ಮಾಡಿದರು. ಎರಡು ಅವಧಿಗೆ ಹಾಸನ ನಗರಸಭೆಯ ಸದಸ್ಯರಾದರು. ೧೯೯೦ರಲ್ಲಿ ಪತ್ರಿಕಾ ವೃತ್ತಿಯನ್ನು ಬಿಟ್ಟು ವಕೀಲಿಯನ್ನು ಕೈಗೊಂಡರು. ಅವರ ಪಾತ್ರಗಳು ಎಲ್ಲಿಂದ ಬಂದವು ಎಂಬುದಕ್ಕೆ ಇಲ್ಲಿ ಉತ್ತರವಿದೆ. ವರದಿಗಾರರಾಗಿ ಕೇಳಿದ ದೂರು, ನಗರಸಭೆಯ ಸದಸ್ಯರಾಗಿ ಕೇಳಿದ ಅಹವಾಲು, ವಕೀಲರ ಮೇಜಿನ ಮುಂದೆ ಕುಳಿತು ಹೆಣ್ಣೊಬ್ಬಳು ಹೇಳಿಕೊಂಡ ಸಂಕಟ, ಇವೆಲ್ಲವೂ ಅವರಲ್ಲಿ ಕತೆಗಳಾದವು. ಕೇಳುವುದೇ ಅವರ ಬದುಕಿನ ದೊಡ್ಡ ಕಾಯಕವಾಗಿತ್ತೆಂದು ನಮಗೆ ತೋರುತ್ತದೆ.

'ಹೆಜ್ಜೆ ಮೂಡಿದ ಹಾದಿ', 'ಬೆಂಕಿ ಮಳೆ', 'ಎದೆಯ ಹಣತೆ', 'ಸಫೀರಾ', 'ಬಡವರ ಮಗಳು ಹೆಣ್ಣಲ್ಲ', 'ಹೆಣ್ಣು ಹದ್ದಿನ ಸ್ವಯಂವರ' ಎಂಬ ಆರು ಕಥಾಸಂಕಲನಗಳು, 'ಕುಬ್ರ' ಎಂಬ ಕಾದಂಬರಿ, ಅಲ್ಲದೆ ಲೇಖನ ಸಂಗ್ರಹ ಮತ್ತು ಕವನ ಸಂಕಲನಗಳು ಅವರ ಲೇಖನಿಯಿಂದ ಬಂದಿವೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಗೌರವವೂ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯೂ ಅವರಿಗೆ ಸಂದಿವೆ. 'ಕರಿನಾಗರಗಳು' ಎಂಬ ಅವರ ಕತೆಯನ್ನು ಆಧರಿಸಿ ಶ್ರೀ ಗಿರೀಶ್ ಕಾಸರವಳ್ಳಿಯವರು ೨೦೦೪ರಲ್ಲಿ 'ಹಸೀನಾ' ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಅದರ ಅಭಿನಯಕ್ಕಾಗಿ ಶ್ರೀಮತಿ ತಾರಾ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡನು ತೊರೆದ ತಾಯಿಯೊಬ್ಬಳು ಕಾಯಿಲೆಯ ಮಗುವನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಯ ಬಾಗಿಲಿಗೆ ಬರುವುದು, ಮಸೀದಿಯ ಆಡಳಿತ ನಡೆಸುವ ಮುತವಲ್ಲಿ ಸಾಹೇಬರು ಆಕೆಯ ಮಾತನ್ನು ಕೇಳದೆ ತಳ್ಳಿಹಾಕುವುದು, ಕೊನೆಗೆ ಆ ಕೂಸು ಅಲ್ಲಿಯೇ ಸಾಯುವುದು, ಇದು ಆ ಕತೆಯ ಹೃದಯ.

ಇಂತಹ ಕತೆಗಳನ್ನು ಬರೆದವರನ್ನು ಸಮಾಜವು ಸುಮ್ಮನೆ ಬಿಡುವುದುಂಟೆ? ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಹೆಂಗಸರಿಗೂ ಇದೆಯೆಂದು ಹೇಳಿದ್ದಕ್ಕಾಗಿ ೨೦೦೦ದಲ್ಲಿ ಅವರ ಕುಟುಂಬಕ್ಕೆ ಮೂರು ತಿಂಗಳ ಕಾಲ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ದೂರವಾಣಿಯಲ್ಲಿ ಬೆದರಿಕೆಗಳು ಬಂದವು. ಒಬ್ಬಾತ ಚಾಕು ಹಿಡಿದು ಮೇಲೆ ಬಿದ್ದಾಗ ಅವರ ಪತಿಯೇ ಅವನನ್ನು ತಡೆದರು. ಹಿಂದೊಮ್ಮೆ ಪತ್ನಿಯನ್ನು ಬೆಂಕಿಯಿಂದ ಉಳಿಸಿದ ಆ ಪುರುಷರು ಈಗ ಆಯುಧದಿಂದಲೂ ಉಳಿಸಿದರು. ಬಾನು ಅವರು ಇಷ್ಟೆಲ್ಲ ಆದ ಬಳಿಕವೂ ತಮ್ಮ ಸಮಾಜವನ್ನು ಬಿಟ್ಟು ಹೋಗಲಿಲ್ಲ, ಊರನ್ನು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಮನೆಯೊಳಗೇ ನಿಂತು ಮನೆಯ ಕಸವನ್ನು ಗುಡಿಸಿದರು. ಹೊರಗಿನವರು ತಮ್ಮವರನ್ನು ಹಳಿಯಲು ಬಂದಾಗ ಅದಕ್ಕೂ ಅವರು ಒಪ್ಪಿದವರಲ್ಲ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಸೌಹಾರ್ದ ಪರಂಪರೆ ಉಳಿಯಬೇಕೆಂಬ ಚಳವಳಿಯಲ್ಲಿಯೂ ಅವರು ಭಾಗಿಗಳಾದರು.

೧೯೯೦ರಿಂದ ೨೦೨೩ರವರೆಗಿನ ಅವರ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ಮಡಿಕೇರಿಯ ಶ್ರೀಮತಿ ದೀಪಾ ಭಾಸ್ತಿ ಅವರು 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದರು. ಪ್ರಶಸ್ತಿಯ ಮೊತ್ತವಾದ ೫೦,೦೦೦ ಪೌಂಡುಗಳನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಲಾಯಿತು. ಅನುವಾದಕಿಯವರು ಕನ್ನಡದ, ಉರ್ದುವಿನ, ಅರಬ್ಬಿಯ ಮಾತುಗಳನ್ನು ಹಲವೆಡೆ ಹಾಗೆಯೇ ಉಳಿಸಿ, ಅವುಗಳಿಗೆ ಅಡಿಟಿಪ್ಪಣಿಯನ್ನಾಗಲಿ ಓರೆ ಅಕ್ಷರವನ್ನಾಗಲಿ ಬಳಸಲಿಲ್ಲ. ಬೇರೆ ನಾಡಿನ ಓದುಗನೇ ನಮ್ಮ ಮಾತಿನ ಬಳಿಗೆ ಬರಲಿ ಎಂಬ ಈ ಸ್ವಾಭಿಮಾನ ನಮಗೆ ಬಹಳ ಮೆಚ್ಚಿಗೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ ೨೨ರಂದು ಮೈಸೂರು ದಸರಾ ಮಹೋತ್ಸವವನ್ನು ಉದ್ಘಾಟಿಸುವ ಗೌರವವೂ ಬಾನು ಅವರಿಗೆ ಸಂದಿತು. ಅದನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯಗಳ ಮೆಟ್ಟಿಲನ್ನೇರಿದರು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಆ ಅರ್ಜಿಗಳನ್ನು ವಜಾ ಮಾಡಿದವು. ಒಮ್ಮೆ ತಮ್ಮವರಿಂದ, ಇನ್ನೊಮ್ಮೆ ಇತರರಿಂದ ಬೇಡವೆನಿಸಿಕೊಂಡ ಆ ತಾಯಿ ಎರಡು ಸಂದರ್ಭಗಳಲ್ಲಿಯೂ ಧೃತಿಗೆಡಲಿಲ್ಲ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇವೆ.

ಕೂಟಕ್ಕೆ ಇನ್ನು ಮೂರು ದಿನಗಳಿರುವಾಗ ರಾತ್ರಿ ಪ್ರಸಾದವಾದ ಬಳಿಕ 'ಎದೆಯ ಹಣತೆ' ಎಂಬ ಕತೆಯನ್ನು ಓದಲು ಕುಳಿತೆವು. ಗಂಡನು ಬೇರೊಬ್ಬಳ ಸಹವಾಸ ಮಾಡಿದನೆಂದು ನೊಂದ ಮೆಹರುನ್ ಎಂಬ ಹೆಂಗಸು ಕೈಗೂಸಿನೊಡನೆ ತವರಿಗೆ ಬರುತ್ತಾಳೆ. ಅಣ್ಣಂದಿರು ಆಕೆಯ ದುಃಖವನ್ನು ವಿಚಾರಿಸುವುದಿಲ್ಲ. ವಂಶದ ಮರ್ಯಾದೆಯ ಮಾತನ್ನಾಡಿ, ಅದೇ ದಿನ ಗಂಡನ ಮನೆಗೆ ಹಿಂದಕ್ಕೆ ಬಿಟ್ಟುಬರುತ್ತಾರೆ. ಆ ರಾತ್ರಿ ಆಕೆ ಸೀಮೆಎಣ್ಣೆಯ ಡಬ್ಬವನ್ನು ಕೈಗೆತ್ತಿಕೊಳ್ಳುತ್ತಾಳೆ. ನಿದ್ದೆಯಿಂದ ಎದ್ದು ಬಂದ ಹಿರಿಯ ಮಗಳು ಸಲ್ಮಾ, ಎಳೆಯ ಕೂಸನ್ನೂ ಎತ್ತಿಕೊಂಡು ಬಂದು ತಾಯಿಯ ಕಾಲು ಹಿಡಿಯುತ್ತಾಳೆ. ತಾಯಿಯ ಕೈ ಅಲ್ಲಿಗೆ ನಿಲ್ಲುತ್ತದೆ.

ಪುಸ್ತಕವನ್ನು ಮುಚ್ಚಿದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕತೆಯ ಅಣ್ಣಂದಿರ ನಡುವೆ ನಮ್ಮ ಮುಖವೇ ನಮಗೆ ಕಾಣತೊಡಗಿತು.

೧೯೯೬ನೆಯ ಇಸವಿ. ನಾವಾಗ ಆರ್.ಟಿ. ನಗರದ ಬಾಡಿಗೆ ಮನೆಯೊಂದರಲ್ಲಿದ್ದೆವು. ಶ್ರಾವಣ ಮಾಸದಲ್ಲಿ ಯಶವಂತಪುರದ ಭಕ್ತರ ಮನೆಗಳಲ್ಲಿ ಸಂಜೆ ಪುರಾಣ ಪ್ರವಚನ ಮಾಡುತ್ತಿದ್ದೆವು. ನಮಗೆ ಮೂವತ್ತೈದರ ಆಸುಪಾಸು. ನಾಲ್ಕು ಜನ ಗುರುಗಳೇ ಎಂದು ಕರೆಯತೊಡಗಿದ್ದರು, ಅದರ ಅಮಲೂ ಸ್ವಲ್ಪ ಇತ್ತು. ಒಂದು ದಿನ ಬೆಳಿಗ್ಗೆ ಶಿವಪೂಜೆ ಮುಗಿಸಿ ಕುಳಿತಿರುವಾಗ, ಪರಿಚಿತರಾದ ಭಕ್ತರೊಬ್ಬರು ತಮ್ಮ ಮಗಳನ್ನು ಕರೆತಂದರು. ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣುಮಗಳು. ಕಂಕುಳಲ್ಲಿ ಏಳೆಂಟು ತಿಂಗಳ ಕೂಸು. ಗಂಡನ ಮನೆಯನ್ನು ಬಿಟ್ಟು ಬಂದು ಒಂದು ವಾರವಾಗಿತ್ತು. "ಇವಳಿಗೆ ನೀವೇ ನಾಲ್ಕು ಬುದ್ಧಿಮಾತು ಹೇಳಬೇಕು. ಇನ್ನೊಬ್ಬ ಮಗಳು ಮದುವೆಗಿದ್ದಾಳೆ" ಎಂದರು ತಂದೆ.

ನಾವು ಹೇಳಿದೆವು. ಪುರಾಣಗಳಲ್ಲಿ ಬರುವ ಪತಿವ್ರತೆಯರ ತಾಳ್ಮೆಯನ್ನು ವರ್ಣಿಸಿದೆವು. ಸಂಸಾರವೆಂದ ಮೇಲೆ ಒಂದು ಮಾತು ಬರುತ್ತದೆ, ಒಂದು ಹೋಗುತ್ತದೆ ಎಂದೆವು. ಹೊಂದಿಕೊಂಡು ಹೋಗುವುದೇ ಹೆಣ್ಣಿಗೆ ಭೂಷಣವೆಂದೆವು. ಅರ್ಧ ಗಂಟೆಯ ಕಾಲ ನಿರರ್ಗಳವಾಗಿ ಮಾತನಾಡಿದೆವು. ಆಕೆ ತಲೆ ತಗ್ಗಿಸಿ ಕುಳಿತಿದ್ದಳು. ಮಾತು ಮುಗಿದಾಗ ಕೂಸನ್ನು ಎತ್ತಿಕೊಂಡು ಎದ್ದು, ವಿಭೂತಿ ಪಡೆದು, ತಂದೆಯ ಹಿಂದೆ ಹೊರಟಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ನಮ್ಮತ್ತ ತಿರುಗಿದ್ದು ನೆನಪಿದೆ. ಏನನ್ನೋ ಹೇಳಲು ಬಂದವಳಂತೆ ಕಂಡಳು. ಆದರೆ ತಂದೆ ಕರೆದರು, ಹೋದಳು. ಅದೇ ದಿನ ಆಕೆಯನ್ನು ಗಂಡನ ಮನೆಗೆ ಬಿಟ್ಟು ಬಂದರೆಂದೂ, ನಮ್ಮ ಮಾತಿನಿಂದ ಒಂದು ಸಂಸಾರ ಉಳಿಯಿತೆಂದೂ ಆ ತಂದೆ ಹಲವರ ಮುಂದೆ ಹೇಳಿದರು. ನಾವೂ ಹಾಗೆಂದೇ ನಂಬಿದ್ದೆವು.

ಅದು ಉಳಿದಿರಲಿಲ್ಲ. ಎರಡು ವರ್ಷಗಳ ಬಳಿಕ ಆಕೆ ಮಗುವಿನೊಡನೆ ಮತ್ತೆ ಹೊರಬಂದಳೆಂದೂ, ಈ ಬಾರಿ ತವರಿಗೆ ಹೋಗಲಿಲ್ಲವೆಂದೂ, ಯಶವಂತಪುರದ ಸಣ್ಣ ಕೋಣೆಯೊಂದರಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ರವಿಕೆ ಹೊಲಿದು ಜೀವನ ಸಾಗಿಸುತ್ತಿದ್ದಾಳೆಂದೂ ಯಾರೋ ಹೇಳಿದ್ದರು. ಕೇಳಿ, ಅಯ್ಯೋ ಪಾಪ ಎಂದು ಸುಮ್ಮನಾಗಿದ್ದೆವು.

ಕತೆ ಓದಿದ ಮರುದಿನವೇ ಆಕೆ ಎಲ್ಲಿರುವಳೆಂದು ವಿಚಾರಿಸಿದೆವು. ಹೆಬ್ಬಾಳದ ನಮ್ಮ ಮನೆಯಿಂದ ಹೊರಟು, ಬಸ್ಸಿನಲ್ಲಿ ಯಶವಂತಪುರಕ್ಕೆ ಹೋದೆವು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಚಿಕ್ಕದಾದ ಹೊಲಿಗೆ ಅಂಗಡಿ. ಇಬ್ಬರು ಹುಡುಗಿಯರು ಕೆಲಸ ಮಾಡುತ್ತಿದ್ದರು. ಐವತ್ತು ದಾಟಿದ ಆ ತಾಯಿ ಕನ್ನಡಕವನ್ನು ಹಣೆಗೇರಿಸಿ ನಮ್ಮನ್ನು ನೋಡಿ, ಗುರುತಿಸಿ, ಎದ್ದು ನಿಂತರು. ಕುರ್ಚಿಯನ್ನು ತಾವೇ ಒರೆಸಿ ಕೂರಿಸಿದರು. ಚಹಾ ತರಿಸಿದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದ ಮಾತುಗಳೆಲ್ಲ ಮರೆತುಹೋದವು. "ತಾಯಿ, ಅಂದು ನಮ್ಮಿಂದ ತಪ್ಪಾಯಿತು" ಎಂದಷ್ಟೇ ಹೇಳಿದೆವು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಗುರುಗಳೇ, ನೀವು ಬುದ್ಧಿ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಹಿರಿಯರು ಹೇಳುತ್ತಾರೆ, ಹೇಳಲಿ. ಆದರೆ ಏನಾಯಿತಮ್ಮ ಅಂತ ನೀವು ಒಂದು ಸಲ ಕೇಳಬಹುದಿತ್ತು. ಕೇಳುತ್ತೀರೇನೋ ಅಂತಲೇ ಬಾಗಿಲಲ್ಲಿ ನಿಂತಿದ್ದೆ" ಎಂದರು.

ನಮಗೆ ಉತ್ತರ ಹೊಳೆಯಲಿಲ್ಲ. ತಡೆದು, "ಈಗ ಕೇಳಬಹುದೇ ತಾಯಿ? ಏನಾಯಿತು?" ಎಂದೆವು. ಇಪ್ಪತ್ತೊಂಬತ್ತು ವರ್ಷ ತಡವಾಗಿ ಕೇಳಿದ ಪ್ರಶ್ನೆ ಅದು. ಅವರು ಹುಡುಗಿಯರನ್ನು ಊಟಕ್ಕೆ ಕಳುಹಿಸಿ, ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಹೇಳಿದರು. ಮಧ್ಯಾಹ್ನವಾಯಿತು. ಅವರು ಹೇಳಿದ್ದನ್ನು ಇಲ್ಲಿ ಬರೆಯುವ ಅಧಿಕಾರ ನಮಗಿಲ್ಲ. ಅವರ ಅನುಮತಿಯಿಂದ ಒಂದನ್ನು ಮಾತ್ರ ಬರೆಯುತ್ತೇವೆ. ನಮ್ಮ ಮನೆಗೆ ಬಂದಿದ್ದ ದಿನ ಅವರ ಸೆರಗಿನ ಕೆಳಗೆ, ಎಡ ಭುಜದ ಮೇಲೆ, ಕಾದ ಸೌಟಿನ ಸುಟ್ಟ ಗಾಯವಿತ್ತು. ಅದು ಇನ್ನೂ ಹಸಿಯಾಗಿತ್ತು. ನಾವು ಅವರ ಮುಂದೆ ಎರಡು ಗಜದ ಅಂತರದಲ್ಲಿ ಕುಳಿತು ತಾಳ್ಮೆಯ ಮಹಿಮೆಯನ್ನು ವರ್ಣಿಸುತ್ತಿದ್ದೆವು.

ಬಂಧುಗಳೇ, ನಾವು ಆಗ ಓದಿದ್ದು ಕಡಿಮೆಯೇನಲ್ಲ. ಶರಣೆಯರ ಚರಿತ್ರೆಗಳೆಲ್ಲ ನಮಗೆ ಕಂಠಸ್ಥವಾಗಿದ್ದವು. ಒಪ್ಪದ ದಾಂಪತ್ಯವನ್ನು ತೊರೆದು ಹೊರನಡೆದ ಅಕ್ಕಮಹಾದೇವಿಯನ್ನು ಕಲ್ಯಾಣದ ಶರಣರು ಹಿಂದಕ್ಕೆ ಕಳುಹಿಸಲಿಲ್ಲ. ಪ್ರಶ್ನಿಸಿದರು, ಉತ್ತರವನ್ನು ಪೂರ್ತಿಯಾಗಿ ಕೇಳಿದರು, ಕೇಳಿ ತಲೆಬಾಗಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿದಳು, ಮಾರಯ್ಯ ಆ ಮಾತಿಗೆ ಮಣಿದನು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ನುಡಿದರೆಂಬುದು ನಮ್ಮ ಹೆಮ್ಮೆಯ ಮಾತು. ಅವರು ನುಡಿದದ್ದು ಎಷ್ಟು ದೊಡ್ಡದೋ, ಕುಳಿತು ಕೇಳಿದವರಿದ್ದರು ಎಂಬುದೂ ಅಷ್ಟೇ ದೊಡ್ಡದು. ಆ ಕೇಳುವ ಗುಣವನ್ನು ಕಳೆದುಕೊಂಡು, ಹೇಳುವ ಗುಣವನ್ನು ಮಾತ್ರ ನಾವು ಉಳಿಸಿಕೊಂಡೆವು. ಅಕ್ಕನ ಪಟವನ್ನು ಗೋಡೆಯ ಮೇಲಿಟ್ಟು ಅದರ ಕೆಳಗೆ ಕುಳಿತೇ ಆ ಹೆಣ್ಣುಮಗಳಿಗೆ ಹೊಂದಿಕೊಂಡು ಹೋಗೆಂದು ಹೇಳಿದೆವು.

ನಮ್ಮ ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ಶಿಲಾಶಾಸನವೊಂದಿದೆ. ಗಂಗ ದೊರೆ ಶ್ರೀಪುರುಷನ ಕಾಲದ್ದು, ಎಂಟನೆಯ ಶತಮಾನದ್ದು. ಹೋರಾಟದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರು ಅದರಿಂದಾಗಿ ಇಂದಿಗೂ ಉಳಿದಿದೆ. ಮನೆಯೊಳಗೇ ಬೆಂದು ಬದುಕಿದ ಹೆಂಗಸರಿಗೆ ಯಾರು ಕಲ್ಲು ನೆಡಿಸಿದರು? ಬಾನು ಮುಷ್ತಾಕ್ ಅವರು ನಾಲ್ಕು ದಶಕಗಳಿಂದ ಮಾಡಿದ ಕೆಲಸವೇ ಇದು ಎಂದು ನಮಗೆ ಅನ್ನಿಸಿತು. ಅವರು ಬರೆದದ್ದು ತಮ್ಮ ಸಮಾಜದ ಹೆಂಗಸರನ್ನು ಕುರಿತು, ಸರಿ. ಆ ಕತೆಗಳನ್ನು ಓದಿ, "ನೋಡಿ, ಅವರಲ್ಲಿ ಹೀಗೆಲ್ಲ ಇದೆ" ಎಂದು ನೆಮ್ಮದಿಯ ಉಸಿರು ಬಿಡುವ ಓದುಗರೂ ಇದ್ದಾರೆ. ಅದು ಓದುವ ಕ್ರಮವಲ್ಲ. ಹೆಸರುಗಳನ್ನು ಬದಲಿಸಿ ಓದಿದರೆ ಮೆಹರುನ್ ನಮ್ಮ ಬೀದಿಯವಳು. ಕೇಳದೆ ತಳ್ಳಿಹಾಕಿದ ಮುತವಲ್ಲಿ ಸಾಹೇಬರ ಜಾಗದಲ್ಲಿ ನಾವೇ ಕುಳಿತಿದ್ದೆವು.

ಭಾನುವಾರ ಯಲಹಂಕದ ಕೂಟದಲ್ಲಿ ನಾವು ಬಾನು ಅವರ ಬಾಳಿನ ವೃತ್ತಾಂತವನ್ನು ಹೇಳಿ, ಬಳಿಕ ಈ ನಮ್ಮ ತಪ್ಪನ್ನೂ ಆ ತಾಯಿಯ ಹೆಸರನ್ನು ಹೇಳದೆ ನಿವೇದಿಸಿಕೊಂಡೆವು. ಸಭೆಯಲ್ಲಿ ಮೌನ. ಮೊದಲು ಆಕ್ಷೇಪಿಸಿದ್ದ ಹಿರಿಯರು ಎದ್ದು, "ನನ್ನ ತಂಗಿಯನ್ನೂ ನಾನು ಹೀಗೆಯೇ ಕಳುಹಿಸಿದ್ದೆ" ಎಂದರು. ಮುಂದೆ ಮಾತನಾಡಲು ಅವರಿಂದ ಆಗಲಿಲ್ಲ. ಪಕ್ಕದಲ್ಲಿದ್ದ ಅವರ ಮಡದಿ ಕೈ ಹಿಡಿದು ಕೂರಿಸಿದರು.

ಆ ದಿನ ಕೂಟದಲ್ಲಿ ಕೆಲವು ನಿಶ್ಚಯಗಳನ್ನು ಮಾಡಿಕೊಂಡೆವು. ಅವುಗಳನ್ನು ಓದುಗ ಬಂಧುಗಳ ಮುಂದೆಯೂ ಇಡುತ್ತೇವೆ. ಮನೆಯ ಮಗಳಾಗಲಿ ಸೊಸೆಯಾಗಲಿ ನೊಂದು ಬಂದಾಗ, ಬುದ್ಧಿಮಾತಿಗೆ ಮೊದಲು ಏನಾಯಿತೆಂದು ಕೇಳಬೇಕು. ತಂದೆ ಅಣ್ಣಂದಿರಿಲ್ಲದ ಕಡೆ, ಇನ್ನೊಬ್ಬ ಹೆಂಗಸಿನ ಎದುರಿನಲ್ಲಿ, ಆಕೆಗೆ ಮಾತನಾಡಲು ಅವಕಾಶ ಮಾಡಿಕೊಡಬೇಕು. ಪಂಚಾಯಿತಿ ಮಾಡುವ ಹಿರಿಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಹೊಡೆತ ಬಡಿತಗಳಿದ್ದಲ್ಲಿ ರಾಜಿಯ ಮಾತನ್ನು ಎತ್ತಲೇಬಾರದು.

ಕಾನೂನಿನ ಆಸರೆಯನ್ನೂ ತಾಯಂದಿರು ತಿಳಿದಿರಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ೨೦೦೫ರಲ್ಲಿ ಬಂದು, ೨೦೦೬ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಣ್ಣುಮಗಳಿಗೆ ತಾನು ಬಾಳುತ್ತಿರುವ ಮನೆಯಲ್ಲಿ ವಾಸಿಸುವ ಹಕ್ಕೂ ರಕ್ಷಣೆಯ ಆದೇಶವನ್ನು ಪಡೆಯುವ ಹಕ್ಕೂ ಇವೆ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಯಾವ ಹೆಂಗಸಾದರೂ, ಆಕೆಯ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವನ್ನು ಪಡೆಯಬಹುದು. ನಮ್ಮ ಸಮಾಜದ ಮನೆಗಳಿಗೂ ಅನ್ವಯಿಸುವ ಉತ್ತರಾಧಿಕಾರ ಕಾಯ್ದೆಗೆ ೨೦೦೫ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಆದಕಾರಣ ತವರಿಗೆ ಬಂದ ಮಗಳು ಯಾರ ಹಂಗಿನವಳೂ ಅಲ್ಲ, ತನ್ನದೇ ಮನೆಗೆ ಬಂದವಳು. ಮಹಿಳಾ ಸಹಾಯವಾಣಿಯ ಸಂಖ್ಯೆ ೧೮೧, ತುರ್ತು ನೆರವಿಗೆ ೧೧೨. ಈ ಎರಡು ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

ಆ ತಾಯಿಯ ಮಗಳು, ಅಂದು ಕಂಕುಳಲ್ಲಿದ್ದ ಕೂಸು, ಈಗ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ನಾವು ಅಂಗಡಿಯಿಂದ ಹೊರಡುವ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿ ಮಲಗೆದ್ದ ಅವಳು ತಾಯಿಗೆ ಬುತ್ತಿ ತಂದಿದ್ದಳು. "ಇವರು ಯಾರಮ್ಮ?" ಎಂದು ಕೇಳಿದಳು. ತಾಯಿ ಸ್ವಲ್ಪ ಯೋಚಿಸಿ, "ನನ್ನ ಕಷ್ಟ ಕೇಳೋದಕ್ಕೆ ಬಂದಿದ್ದರು" ಎಂದರು.

ಅಷ್ಟು ದೊಡ್ಡ ಮಾತಿಗೆ ನಾವು ಅರ್ಹರಲ್ಲ. ಆದರೂ ಅದನ್ನು ಪ್ರಸಾದವೆಂದು ಸ್ವೀಕರಿಸಿ ಬಂದೆವು. ಕೇಳದೆ ಕಳೆದ ವರ್ಷಗಳು ತಿರುಗಿ ಬರುವುದಿಲ್ಲ. ಉಳಿದ ಆಯುಷ್ಯದಲ್ಲಿ ಮಾತು ಕಡಿಮೆ ಮಾಡಿ ಕಿವಿಯನ್ನು ತೆರೆದಿಡಬೇಕೆಂದು ಸಂಕಲ್ಪಿಸಿದ್ದೇವೆ. ಬಾನು ಮುಷ್ತಾಕ್ ಅವರಿಗೆ ಆಯುರಾರೋಗ್ಯಗಳನ್ನು ಹಾರೈಸುತ್ತ, ಅವರ ಪುಸ್ತಕವನ್ನು ತಮ್ಮ ಮನೆಗಳಲ್ಲಿ ಅತ್ತೆ ಸೊಸೆಯರಿಬ್ಬರೂ ಓದಲೆಂದೂ, ಗಂಡಸರು ಅವರಿಗಿಂತ ಮೊದಲೇ ಓದಲೆಂದೂ ಕೋರುತ್ತೇವೆ.